ಹದಿನೈದು ಮೊಳದ ಮನೆ

ಜನವರಿ 6, 2025, ಸೋಮವಾರ

ಹೋದ ನವೆಂಬರ್ ಹದಿನೆಂಟನೆಯ ತಾರೀಖು ಬೆಳಿಗ್ಗೆ ಹನ್ನೊಂದಕ್ಕೂ ಒಂದಕ್ಕೂ ನಡುವೆ, ನಾನು ಪಾಂಡವಪುರದಲ್ಲಿ ಹಳೆಯ ಗೆಳತಿಯ ಮನೆಯಲ್ಲಿ ಎಲೆಯ ಮುಂದೆ ಕುಳಿತಿದ್ದ ಹೊತ್ತಿನಲ್ಲಿ, ನನ್ನ ಮನೆಯ ಜಗಲಿಯನ್ನು ಒಡೆದು ಹಾಕಿದರು. ಹೊಸ ನೋಟುಪುಸ್ತಕದ ಮೊದಲ ಸಾಲು ಇದೇ ಆಗಿರಲಿ. ನನಗೆ ಇನ್ನೂ ಮರೆವು ಬಂದಿಲ್ಲ, ಬೀದಿಗೆ ಬರುತ್ತಿದೆ.

ಒಡೆಸಿದ್ದು 'ಗಾಣದ ಬೀದಿ ಅಂದ ಸಮಿತಿ'. ಶ್ರೀರಂಗಪಟ್ಟಣದ ನಮ್ಮ ಬೀದಿಯ ಹನ್ನೆರಡು ಮನೆಯವರು ಸೇರಿ, ಚರಂಡಿ ಮುಚ್ಚಿ ಚಪ್ಪಡಿ ಹಾಸಿ ಬೀದಿಯನ್ನು ನೆಟ್ಟಗೆ ಮಾಡಲು ಕಟ್ಟಿಕೊಂಡ ಸಮಿತಿ ಅದು. ಕಾರ್ಯದರ್ಶಿ ಸುಧೀಂದ್ರ, ನನ್ನ ದೊಡ್ಡಪ್ಪನ ಮೊಮ್ಮಗ, ನನ್ನನ್ನು ಅತ್ತೆ ಎನ್ನುವವನು. ಅವನಿರುವುದು ನನ್ನ ಹಿಂಗೋಡೆಯ ಆಚೆಗೆ. 1936ರಲ್ಲಿ ಅಜ್ಜ ಮನೆ ಕಟ್ಟಿಸಿ, ಇಬ್ಬರು ಮಕ್ಕಳಿಗೆ ಎರಡು ಪಾಲು ಮಾಡಿ ಪತ್ರ ಬರೆಸಿದ. ಬೀದಿಯ ಪಾಲು ನಮ್ಮಪ್ಪನಿಂದ ನನಗೆ ಬಂತು, ಬಾವಿಯ ಪಾಲು ದೊಡ್ಡಪ್ಪನಿಂದ ಸುಧೀಂದ್ರನಿಗೆ. ನಡುವೆ ಒಂದೇ ಗೋಡೆ. ಅವನು ಸೀನಿದರೆ ನಾನು ಕೃಷ್ಣಾ ಎನ್ನುತ್ತೇನೆ.

ಸಮಿತಿಯ ವಾದ ಇದು. ಪತ್ರದಲ್ಲಿ ಬೀದಿಯ ಪಾಲು ಹದಿನೈದು ಮೊಳ ಎಂದಿದೆ. ಮೊಳಕ್ಕೆ ಒಂದೂವರೆ ಅಡಿಯಂತೆ ಇಪ್ಪತ್ತೆರಡೂವರೆ ಅಡಿ. ನಡುಗೋಡೆಯಿಂದ ಟೇಪು ಎಳೆದರೆ ಅಷ್ಟಕ್ಕೆ ಹೊಸ್ತಿಲು ಮುಗಿಯುತ್ತದೆ. ಆಚೆಯ ಎರಡೂವರೆ ಅಡಿ ಜಗಲಿ ಬೀದಿಯದು, ನಾವು ಎಂಬತ್ತೆಂಟು ವರ್ಷ ಒತ್ತುವರಿ ಮಾಡಿಕೊಂಡು ಕುಳಿತಿದ್ದೆವು.

ನಾನು ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟವಳು. ಲೆಕ್ಕವನ್ನು ನಾಲ್ಕು ಸಲ ಮಾಡಿ ನೋಡಿದೆ. ಸರಿಯಾಗಿದೆ. ಅದೇ ನನ್ನ ಸಿಟ್ಟಿಗೆ ಕಾರಣ. ತಪ್ಪು ಲೆಕ್ಕವಾಗಿದ್ದರೆ ಕೆಂಪು ಶಾಯಿಯಲ್ಲಿ ಗೀಚಿ ಮಲಗಬಹುದಿತ್ತು.

ಜಗಲಿ ಇದ್ದ ಕಡೆ ಈಗ ಎರಡು ಸಿಮೆಂಟಿನ ಕುಂಡಗಳಿವೆ. ಗಿಡ ಇನ್ನೂ ಹಾಕಿಲ್ಲ. ಹೋಗುವವರು ಬರುವವರು ಚಹಾದ ಲೋಟ ಹಾಕುತ್ತಾರೆ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಒಂಬತ್ತಡಿ ಅಗಲ, ಇಪ್ಪತ್ತೆರಡೂವರೆ ಅಡಿ ಉದ್ದ ಉಳಿದಿದೆಯಲ್ಲ, ಅದನ್ನಾದರೂ ನನಗೆ ಬೇಕಾದಂತೆ ಮಾಡಿಕೊಳ್ಳುತ್ತೇನೆ. ಬೀದಿಯ ಕಡೆ ಕಿಟಕಿ ಬೇಡ, ಇಟ್ಟಿಗೆಯಿಂದ ಮುಚ್ಚಿಸುತ್ತೇನೆ. ಆ ಗೋಡೆಗೆ ನೆಲದಿಂದ ಸೂರಿನವರೆಗೆ ಪುಸ್ತಕ. ಬೀದಿಗೆ ಬೆನ್ನು ಹಾಕಿದ ಮನೆ.

ಜನವರಿ 9, ಗುರುವಾರ

ಗಾರೆ ಕೆಲಸದ ಶಿವಣ್ಣ ಬಾಬುರಾಯನಕೊಪ್ಪಲಿನಿಂದ ಸೈಕಲ್ಲಿನಲ್ಲಿ ಬಂದ. ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ, ಮತ್ತೆ ಸರಿ ಮಾಡಿ ನೋಡಿದ.

"ಟೀಚರಮ್ಮ, ಇದು ಮನೆಯೋ ಬೀರುವೋ?"

"ಮನೆ."

"ಅಲ್ಲ, ಎಲ್ಲಾ ಗ್ವಾಡೆಗೂವೆ ಪುಸ್ತಕ ಬರ್ದಿದೀರಿ. ನೀವು ಎಲ್ಲಿ ಕುಂತ್ಕತೀರಿ ಅಂತ ಬರ್ದೇ ಇಲ್ಲ."

ಹೌದು, ನಕ್ಷೆಯಲ್ಲಿ ಕುರ್ಚಿ ಇರಲಿಲ್ಲ. ಒಂದು ಚೌಕ ಹಾಕಿ ತೋರಿಸಿದೆ.

ಮಾತಿನ ನಡುವೆ ಮಂಚಮ್ಮ ಬಾಗಿಲಿಗೆ ಬಂದಳು. ಹೂ ಮಾರುವವಳು. ಹದಿನಾರು ವರ್ಷ ನನ್ನ ಜಗಲಿಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತವಳು, ನಾನು ನಿವೃತ್ತಳಾಗಿ ಇಲ್ಲಿಗೆ ಬರುವುದಕ್ಕೂ ಮುಂಚಿನಿಂದ. ಬಾಳೆನಾರು, ಬಾಡಿದ ತುಳಸಿಯ ಕಡ್ಡಿ, ನೀರಿನ ರಾಡಿ ಎಲ್ಲ ನನ್ನ ಹೊಸ್ತಿಲಿಗೇ. ಎಷ್ಟು ಸಲ ಹೇಳಿದ್ದೆನೋ. ಜಗಲಿ ಹೋದದ್ದರಿಂದ ಆದ ಒಂದೇ ಲಾಭವೆಂದರೆ ಗುಡಿಸುವುದು ತಪ್ಪಿದ್ದು.

"ಅವ್ವಾರೆ, ಒಸಿ ನೀರ್ ಕೊಡ್ತೀರಾ? ಊವಕ್ಕೆ ಚುಮುಕ್ಸ್ಬೇಕು, ಬಿಸ್ಲಿಗೆ ಸುಟ್ಟೋಗ್ತಾವೆ."

ಎದುರು ಸಾಲಿನ ಮೋರಿಯ ಮೇಲೆ ಕುಳಿತಿದ್ದಾಳಂತೆ. ಒಂದು ಚೊಂಬು ಕೊಟ್ಟೆ.

ಜನವರಿ 15, ಬುಧವಾರ

ಕಾಗದದ ಮೇಲಿನ ಮನೆ ನಂಬಿಕೆಗೆ ಬರುವುದಿಲ್ಲ. ಇವತ್ತು ಸಾಮಾನುಗಳನ್ನೆಲ್ಲ ಹಿಂದಕ್ಕೆ ತಳ್ಳಿ, ಸಂಕ್ರಾಂತಿಯ ರಂಗೋಲಿ ಪುಡಿ ಮಿಕ್ಕಿತ್ತಲ್ಲ, ಅದರಿಂದಲೇ ನೆಲದ ಮೇಲೆ ಮನೆಯನ್ನು ಪೂರ್ತಿ ಅಳತೆಯಲ್ಲಿ ಬರೆದೆ. ಇಲ್ಲಿ ಅಡುಗೆಕಟ್ಟೆ, ಇಲ್ಲಿ ಬಚ್ಚಲು, ಇಲ್ಲಿ ಮಂಚ, ಇಲ್ಲಿ ಪುಸ್ತಕದ ಗೋಡೆ. ಗೆರೆಗಳನ್ನು ತುಳಿಯದಂತೆ ಸೆರಗು ಎತ್ತಿಕೊಂಡು ಆ ಮನೆಯಲ್ಲಿ ಓಡಾಡಿದೆ. ಕೋಣೆಯಿಂದ ಕೋಣೆಗೆ ಹೋಗುವಾಗ ಇಲ್ಲದ ಬಾಗಿಲಿಗೆ ತಲೆ ಬಗ್ಗಿಸುತ್ತಿದ್ದೆ.

ಆಮೇಲೆ ಬರೆದ ಮಂಚದೊಳಗೆ ಮಲಗಿದೆ. ಸೂರಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ತುಂಡು ಅಡುಗೆಕಟ್ಟೆಯಿಂದ ಹೊರಟು ನನ್ನ ಕಾಲ ಬೆರಳು ಮುಟ್ಟಿ, ನಿಧಾನವಾಗಿ ಮಂಡಿಯವರೆಗೆ ಬಂತು. ಬಾಡಿಗೆಗೆ ಇದ್ದ ಮನೆಗಳೆಲ್ಲ ಒಂದೊಂದಾಗಿ ಒಳಗೆ ಬಂದವು. ನಾಗಮಂಗಲದ ಮನೆಯ ಅಟ್ಟ. ಅಲ್ಲಿ ಬಗ್ಗಿ ಕುಳಿತು ಓದಿದ ಮಳೆಗಾಲಗಳು. ಕೆ.ಆರ್. ಪೇಟೆಯ ಅಡುಗೆಮನೆಯ ಕೈ ಅಗಲದ ಗೂಡು. ಹಾಲಿನ ಪಾತ್ರೆ ಇಟ್ಟರೆ ಬೆಕ್ಕಿಗೆ ಎಟುಕುತ್ತಿರಲಿಲ್ಲ. ಪಾಂಡವಪುರದ ಕಿಟಕಿ; ಕಬ್ಬಿನ ಗಾಡಿಗಳು ಸಾಲಾಗಿ ಹೋಗುವಾಗ ಸಿಹಿ ಧೂಳು ಒಳಗೆ ಬರುತ್ತಿತ್ತು. ಅವನ್ನೆಲ್ಲ ಈ ಒಂಬತ್ತಡಿಯೊಳಗೆ ಕೂರಿಸಬಹುದೆ? ಒಂದರೊಳಗೊಂದು ಮಡಚಿ?

ಎದ್ದಾಗ ಸೀರೆಗೆಲ್ಲ ರಂಗೋಲಿ. ಬಚ್ಚಲು ಅರ್ಧ ನನ್ನ ಬೆನ್ನಿಗೆ ಬಂದಿತ್ತು.

ಜನವರಿ 23, ಗುರುವಾರ

ಮೋರಿಯ ಮೇಲಿಂದಲೂ ಮಂಚಮ್ಮನನ್ನು ಎಬ್ಬಿಸಿದ್ದಾರೆ. ಪ್ರವಾಸಿಗರ ಗಾಡಿ ತಿರುಗಿಸಲು ಜಾಗ ಬೇಕಂತೆ. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಕುಂಡದ ಪಕ್ಕ ನಿಂತಿದ್ದಳು.

ಇವತ್ತೊಂದು ದಿನ ಹೊಸ್ತಿಲಿನ ಒಳಗೆ ಕುಳಿತುಕೋ ಎಂದೆ. ಒಂದೇ ದಿನ.

ಫೆಬ್ರವರಿ 2, ಭಾನುವಾರ

ಶಿವಣ್ಣ ಹೆಂಚುಗಳನ್ನು ಇಳಿಸಿ ಗೋಡೆಗೆ ಒರಗಿಸಿದ್ದಾನೆ. ಹೆಂಚಿನಡಿಯ ನಾಲ್ಕು ರೀಪರು ಪಟ್ಟಿ ಮುರಿದಿವೆ, ಉಳಿದ ಮರವೆಲ್ಲ ಗಟ್ಟಿ. ಮೇಲೆ ನೀಲಿ ಟಾರ್ಪಾಲು ಕಟ್ಟಿ, "ಬಿಂಡಿಗನವಿಲೇಲಿ ಬೀಗರ ಮನೆ ಕೆಲ್ಸ ಅದೆ, ಎಂಟ್ ದಿನ ಬುಟ್ಟು ಬತ್ತೀನಿ" ಎಂದ. ಎಂಟು ದಿನ ಎಂದರೆ ಹದಿನೈದು. ನನ್ನ ಅನುಭವದಲ್ಲಿ ಶಿವಣ್ಣನ ಪಂಚಾಂಗವೇ ಬೇರೆ.

ಅವನು ಹೋದ ಮೇಲೆ ಏಣಿ ಹತ್ತಿದೆ. ಎಪ್ಪತ್ತಕ್ಕೆ ಹತ್ತಬಾರದು, ಹತ್ತಿದೆ. ಗೋಡೆಯ ತಲೆಯ ಮೇಲೆ ಗದ್ದವಿಟ್ಟು ನೋಡಿದರೆ ಮನೆಗಳ ಬೆನ್ನುಗಳು, ತೆಂಗಿನ ಗರಿ, ಅದರಾಚೆ ಮಂಜಿನಲ್ಲಿ ನೆಲ ಬಿಟ್ಟು ಎದ್ದಂತೆ ಕರಿಘಟ್ಟ. ಈ ಮನೆಯಿಂದ ಬೆಟ್ಟ ಕಾಣುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹೆಂಚಿನ ಕೆಳಗೆ ಕುಳಿತು ಹೆಂಚನ್ನೇ ಆಕಾಶ ಎಂದುಕೊಂಡಿದ್ದೆ.

ಗೋಡೆಗೂ ತೊಲೆಗೂ ನಡುವಿನ ಸಂದಿನಲ್ಲಿ ಒಂದು ಕಡ್ಡಿ ಸಿಕ್ಕಿತು. ಹೆಬ್ಬೆರಳು ದಪ್ಪ, ಎರಡು ತುದಿಯೂ ಚೊಕ್ಕವಾಗಿ ಕುಯ್ದದ್ದು, ಮಸಿ ಹಿಡಿದದ್ದು. ಒರೆಸಿದರೆ ಒಳಗೆ ಜೇನಿನ ಬಣ್ಣ. ಮುಂದಿನ ಕಿಟಕಿಯ ಬಾಗಿಲು ನಿಲ್ಲುತ್ತಿರಲಿಲ್ಲ, ಅದಕ್ಕೆ ಊರೆಗೋಲು ಕೊಟ್ಟೆ. ಮುಚ್ಚಿಸುವವರೆಗೆ ತೆರೆದಿರಲಿ. ಮಂಚಮ್ಮನಿಗೆ ಗಾಳಿ ಇಲ್ಲವಂತೆ.

ಫೆಬ್ರವರಿ 7, ಶುಕ್ರವಾರ

ಶುಕ್ರವಾರವಾದ್ದರಿಂದ ಹೊಸ್ತಿಲಿನಲ್ಲಿ ಜನವೋ ಜನ. ಓದಲು ಕುಳಿತವಳು ಒಂದೇ ಪುಟವನ್ನು ಹತ್ತು ಸಲ ಓದಿದೆ. ಹೊಸ ಬಡಾವಣೆಯ ಹೆಂಗಸೊಬ್ಬಳು ಜಗಳ ತೆಗೆದಳು.

"ಏನು ಮಂಚಮ್ಮ, ನಿನ್ನ ಮೊಳ ದಿನದಿಂದ ದಿನಕ್ಕೆ ಗಿಡ್ಡ ಆಗ್ತಾ ಇದೆ?"

"ನನ್ ಕೈ ಬೆಳ್ಯೋ ವಯಸ್ಸೂ ಅಲ್ಲ, ಸವ್ಯೋ ವಯಸ್ಸೂ ಅಲ್ಲ ಕಣವ್ವ. ಬೇಕಾರೆ ನಿಮ್ ಕೈಲೇ ಅಳ್ಕಳಿ."

ಆಕೆ ತನ್ನ ಮೊಳಕೈಯಿಂದ ಬೆರಳ ತುದಿಗೆ ಮಲ್ಲಿಗೆ ಹಿಡಿದು ಅಳೆದಳು. ಗಿಡ್ಡ ಹೆಂಗಸು. ನಾಲ್ಕು ಬೆರಳು ಕಡಿಮೆಯೇ ಬಂತು.

"ನೋಡುದ್ರಾ? ನನ್ ಮೊಳ್ವೇ ವಾಸಿ" ಎಂದಳು ಮಂಚಮ್ಮ. "ಮೊಳ ಅಂದ್ರೆ ಮೊದ್ಲು ಯಾರ್ ಕೈದು ಅಂತ ಕೇಳ್ಬೇಕು. ಆಮ್ಯಾಕೆ ಎಷ್ಟು ಅಂತ."

ಒಳಗೆ ನನಗೆ ನಗು ಬಂತು. ಪುಸ್ತಕ ಅಡ್ಡ ಹಿಡಿದುಕೊಂಡೆ. ಹೊಸ್ತಿಲಿನಲ್ಲಿದ್ದ ಮಂಚಮ್ಮನಿಗೆ ಕಂಡಿರಬೇಕು. ಹೋಗುವಾಗ ಒಂದು ತುಂಡು ಮಲ್ಲಿಗೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋದಳು.

ಸಂಜೆ ನಕ್ಷೆಯಲ್ಲಿ ಸಣ್ಣ ತಿದ್ದುಪಡಿ ಮಾಡಿದೆ. ಬೀದಿಯ ಕಿಟಕಿಯನ್ನು ಪೂರ್ತಿ ಮುಚ್ಚಬೇಕಿಲ್ಲ. ಕೆಳಗಿನ ಅರ್ಧ ಇರಲಿ. ಮೂರು ಸಾಲು ಪುಸ್ತಕ ಬೇರೆ ಕಡೆ ಹೋದರಾಯಿತು.

ಫೆಬ್ರವರಿ 12, ಬುಧವಾರ

ಟಾರ್ಪಾಲಿನ ಕೆಳಗೆ ಮಧ್ಯಾಹ್ನವೆಲ್ಲ ನೀಲಿ. ಗೋಡೆ ನೀಲಿ, ಅನ್ನ ನೀಲಿ, ನನ್ನ ಕೈ ನೀಲಿ. ಗಾಳಿ ಬಂದಾಗ ಸೂರು ಉಬ್ಬಿ ಇಳಿಯುತ್ತದೆ, ಮನೆ ಉಸಿರಾಡುತ್ತಿರುವಂತೆ. ಹೊಳೆಯ ನೀರಿನ ತಳದಲ್ಲಿ ಕುಳಿತು ಯಾರೋ ಮೇಲೆ ಈಜುವುದನ್ನು ನೋಡುತ್ತಿದ್ದೇನೆ ಅನಿಸುತ್ತದೆ.

ರಂಗೋಲಿಯ ಮಂಚದಲ್ಲಿ ನಿದ್ದೆ ಹತ್ತಿತು. ಕನಸಿನಲ್ಲಿ ಅಜ್ಜ ಬಂದ. ನನಗೆ ಆರು ವರ್ಷವಿದ್ದಾಗ ತೀರಿಹೋದವನು, ಆದರೂ ನೆನಪಿದೆ: ಗೋಡೆ ಗಡಿಯಾರಕ್ಕೆ ಸ್ಟೂಲಿಲ್ಲದೆ ನಿಂತಲ್ಲಿಂದಲೇ ಕೀಲಿ ಕೊಡುತ್ತಿದ್ದ. ಬೀದಿಯಲ್ಲಿ ಅವನ ತಲೆಯೊಂದೇ ಎಲ್ಲರಿಗಿಂತ ಮೇಲೆ ನಡೆದು ಹೋಗುತ್ತಿತ್ತು. ಕನಸಿನಲ್ಲಿ ಅವನು ಬಾಗಿ, ನಾನು ಬರೆದ ಗೆರೆಗಳ ಮೇಲೆ ಮೊಳಕೈ ಊರಿ ಬೆರಳು ಚಾಚುತ್ತಿದ್ದ, ಎತ್ತಿ ಮತ್ತೆ ಊರುತ್ತಿದ್ದ. ಒಂದೊಂದು ಸಲ ಊರಿದಾಗಲೂ ಮನೆ ಸ್ವಲ್ಪ ಬೆಳೆಯುತ್ತಿತ್ತು. ಅಳೆಯುತ್ತ ಅಳೆಯುತ್ತ ಹೊಸ್ತಿಲು ದಾಟಿ ಹೋದ. ಅಜ್ಜ, ಅಲ್ಲಿ ಜಗಲಿ ಇಲ್ಲ, ಬೀಳುತ್ತೀಯ ಎಂದು ಕೂಗಿದೆ. ಅವನು ತಿರುಗಲಿಲ್ಲ.

ಕೂಗಿದ್ದು ಹೊರಗೂ ಕೇಳಿಸಿತ್ತು. "ಏನವ್ವಾ, ಯಾರ್ನ ಕರೀತಿದ್ರಿ?" ಎಂದು ಮಂಚಮ್ಮ ಒಳಗೆ ಇಣುಕಿದಳು. ಹೇಳಿದೆ. ಕನಸನ್ನು ಯಾರಿಗಾದರೂ ಹೇಳಿ ಎಷ್ಟು ವರ್ಷವಾಗಿತ್ತೋ. ಅವಳು ಹೂ ಕಟ್ಟುತ್ತಲೇ ಕೇಳಿಸಿಕೊಂಡಳು.

"ಬೀಳಕಿಲ್ಲ ಬುಡಿ. ಅವ್ರ ಕಾಲ್ದಲ್ಲಿ ಜಗ್ಲಿ ಇತ್ತಲ್ಲ" ಎಂದಳು.

ಫೆಬ್ರವರಿ 17, ಸೋಮವಾರ

ಶಿವಣ್ಣ ಬಂದ. ಒಳಗೆ ಕಾಲಿಡುವ ಮುಂಚೆಯೇ ಕಿಟಕಿಯ ಊರೆಗೋಲಿನ ಮೇಲೆ ಅವನ ಕಣ್ಣು ಬಿತ್ತು. ಚೀಲ ಕೆಳಗಿಟ್ಟು ಅದನ್ನು ಎಳೆದುಕೊಂಡ. ಕಿಟಕಿಯ ಬಾಗಿಲು ಧಡ್ ಎಂದು ಮುಚ್ಚಿತು.

"ಇದ್ಯಾಕೆ ಇಲ್ಲಿ ಮಡಗಿದೀರಿ ಟೀಚರಮ್ಮ? ಇದು ಅಳ್ತೆಗೋಲು ಕಣ್ರಮ್ಮ."

ಆಮೇಲೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದಿಡುತ್ತೇನೆ. "ನಮ್ಮಪ್ಪ ಟೇಪು ಗೀಪು ಕಂಡೋನೇ ಅಲ್ಲ. ಪಾಯ ಆಕೋ ದಿನ ಮನೆ ಯಜಮಾನ್ನ ಕುಂಡ್ರುಸ್ಕಂಡು, ಮೊಣಕೈಯಿಂದ ಬೆಳ್ಳ ತುದೀಗಂಟ ಕಡ್ಡಿ ಇಟ್ಟು ಕುಯ್ಯೋನು. ಆ ಮನೆಗೆ ಅದೇ ಮೊಳ. ಗ್ವಾಡೆ ಅದ್ರಲ್ಲೇ, ಬಾಗ್ಲು ಅದ್ರಲ್ಲೇ. ಪಕ್ಕದ ಮನೇಗೆ ಬ್ಯಾರೆ ಕಡ್ಡಿ. ಕೆಲ್ಸ ಮುಗುದ್ಮೇಲೆ ಸೂರಿಗೆ ಸಿಗ್ಸಿಬುಡೋನು. ಅದು ಆ ಮನೇದಲ್ವಾ, ಇನ್ನೊಬ್ರ ಮನೇಗೆ ಆಗಕಿಲ್ಲ."

ನಾನು ಟೇಪು ತಂದೆ. ಶಿವಣ್ಣ ಹಿಡಿದ. ಇಪ್ಪತ್ತು ಅಂಗುಲ. ಹದಿನೆಂಟಲ್ಲ, ಇಪ್ಪತ್ತು.

ನಡುಗೋಡೆಗೆ ಕಡ್ಡಿಯ ತುದಿ ತಾಗಿಸಿ ಶಿವಣ್ಣ ನೆಲಕ್ಕೆ ಊರಿದ. ಒಂದು. ಮಂಚಮ್ಮ ಬುಟ್ಟಿ ಹಿಡಿದುಕೊಂಡು ಹಿಂದೆ ಬಂದು, ಕಡ್ಡಿ ಮುಗಿದ ಕಡೆ ಒಂದು ಸೇವಂತಿಗೆ ಇಟ್ಟಳು, ಗುರುತಿಗೆ. ಎರಡು. ಮೂರು. ಅಡುಗೆಕಟ್ಟೆಯ ರಂಗೋಲಿ ದಾಟಿ, ಮಂಚ ದಾಟಿ, ಪುಸ್ತಕದ ಗೋಡೆ ದಾಟಿ ಹೂವುಗಳು ನೀಲಿ ಬೆಳಕಿನಲ್ಲಿ ಸಾಲಾಗಿ ನಡೆದವು. ಹದಿಮೂರು ಹೊಸ್ತಿಲಿನೊಳಗೆ. ಹದಿನಾಲ್ಕು ಹೊಸ್ತಿಲಿನಾಚೆ. ಹದಿನೈದನೆಯದು ಕುಂಡಗಳ ನಡುವೆ ಹಾದು, ಒಡೆದ ಜಗಲಿಯ ಕಲ್ಲಿನ ಬುಡ ಇನ್ನೂ ಹಲ್ಲಿನಂತೆ ಕಾಣುತ್ತಿದೆಯಲ್ಲ, ಆ ಅಂಚಿಗೆ ಸರಿಯಾಗಿ ನಿಂತಿತು. ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

ಮಂಚಮ್ಮ ಕೊನೆಯ ಹೂವನ್ನು ಅಲ್ಲಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. "ಇಲ್ಲೇ ಕಣವ್ವ ನಾನ್ ಕಾಲ್ ಇಳೀಬುಟ್ಕಂಡು ಕೂರ್ತಿದ್ದಿದ್ದು."

ಕನಸಿನಲ್ಲಿ ಅಜ್ಜ ಬೀಳಲಿಲ್ಲ.

ಫೆಬ್ರವರಿ 18, ಮಂಗಳವಾರ

ಬೆಳಿಗ್ಗೆ ಕಡ್ಡಿ ಹಿಡಿದು ಸುಧೀಂದ್ರನ ಹಿತ್ತಲಿಗೆ ಹೋದೆ. ಅವನು ಕಚೇರಿಗೆ ಹೊರಡುವ ಹೊತ್ತು. ಪತ್ರದಲ್ಲಿ ಅಳತೆಯ ಸಾಲುಗಳು ಎರಡೇ ಇರುವುದು. ಮೊದಲನೆಯದು ನನ್ನ ಹದಿನೈದು ಮೊಳ. ಎರಡನೆಯದನ್ನು ಸಮಿತಿ ಓದಲಿಲ್ಲ: ನಡುಗೋಡೆಯಿಂದ ಬಾವಿಯ ಕಟ್ಟೆಗೆ ಆರು ಮೊಳ.

ಕಡ್ಡಿ ಸೂರಿನಲ್ಲಿ ಸಿಕ್ಕಿದ್ದನ್ನು ಹೇಳಿ, ಅವನ ಎದುರಿಗೇ ಊರಿ ತೋರಿಸಿದೆ. ಆರು ಕಡ್ಡಿಗೆ ಬಾವಿಯ ಕಟ್ಟೆ ಸಿಕ್ಕಿತು. ಹತ್ತಡಿ.

"ನಿನ್ನ ಹದಿನೆಂಟು ಅಂಗುಲದ ಲೆಕ್ಕದಲ್ಲಿ ಒಂಬತ್ತೇ ಅಡಿ ಆಗಬೇಕು. ಬಾವಿ ಒಂದಡಿ ಹಿಂದಕ್ಕೆ ನಡೆದುಕೊಂಡು ಹೋಯಿತೇನಪ್ಪ?"

ಅವನು ಬಾವಿಯೊಳಗೆ ನೋಡಿದ. ಉತ್ತರ ಅಲ್ಲಿದೆಯೋ ಎನ್ನುವ ಹಾಗೆ.

"ಅತ್ತೆ, ಮೊಳ ಅಂದ್ರೆ ಹದಿನೆಂಟು ಅಂಗುಲ. ಇದನ್ನ ನಂಗೆ ಹೇಳ್ಕೊಟ್ಟಿದ್ಯಾರು?"

ನಾನು ಕಡ್ಡಿಯನ್ನು ಕಂಕುಳಿಗೆ ಸೇರಿಸಿಕೊಂಡೆ.

"ಬೇಸಿಗೆ ರಜ. ನೀವು ಕೆ.ಆರ್. ಪೇಟೆಯಿಂದ ಬಂದಿದ್ರಿ. ಆ ಜಗಲಿ ಮೇಲೇ ಕೂರಿಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ ಮಗ್ಗಿ ಹೇಳಿಸಿದ್ರಿ. ನಾನು ನನ್ನ ಕೈ ಇಟ್ಟು ಅಳೆದೆ. ಅತ್ತೆ, ನನ್ನ ಮೊಳ ಹದಿನಾಲ್ಕೇ ಅಂಗುಲ ಇದೆ ಅಂದೆ. ನೀವೇನಂದ್ರಿ?"

"ಏನಂದೆ?"

"ನಿನ್ನ ಕೈ ತಪ್ಪು, ಪುಸ್ತಕ ಸರಿ ಅಂದ್ರಿ. ತಲೆ ಮೇಲೆ ಒಂದು ಮೊಟಕಿದ್ರಿ ಬೇರೆ."

ನನಗೆ ನೆನಪಾಗಲಿಲ್ಲ. ಈ ಬೀದಿಯಲ್ಲಿ ಯಾವ ವರ್ಷ ಯಾವ ಮರ ಕಡಿದರು, ಯಾರು ಕಡಿಸಿದರು, ಯಾವ ನೆಪ ಹೇಳಿದರು ಎಂದು ತಿಂಗಳ ಸಮೇತ ಹೇಳಬಲ್ಲೆ. ಇದು ನೆನಪಾಗಲಿಲ್ಲ. ಆದರೆ ಅದು ನನ್ನದೇ ಮಾತು, ಅನುಮಾನವಿಲ್ಲ. ಪುಸ್ತಕ ಸರಿ ಎಂದು ಇನ್ಯಾರು ಹೇಳಿರುತ್ತಾರೆ?

ಅವನು ಮೆತ್ತಗೆ ಹೇಳಿದ: "ನಿಮ್ಮ ಜಗಲಿ ಸರಿ ಅಂತ ಒಪ್ಪಿದ್ರೆ, ಉಳಿದ ಹನ್ನೊಂದು ಮನೆಯವರೂ ಇಂಥ ಕಡ್ಡಿಗೆ ಸೂರು ತಡಕ್ತಾರೆ. ನಾನು ಎಲ್ಲರ ಮುಖ ಹೇಗೆ ನೋಡ್ಲಿ? ಒಂದು ಕಲ್ಲುಬೆಂಚು ಹಾಕಿಸಿಕೊಡ್ತೀನಿ. ಮನೆಯೊಳಗೇ ಮಾತಾಡಿ ಮುಗಿಸೋಣ."

"ಒಡೆದದ್ದು ಮನೆಯೊಳಗಲ್ಲ."

ಬರುವಾಗ ಹಿತ್ತಲ ಮೆಟ್ಟಿಲಲ್ಲಿ ಕೈ ಹಿಡಿದು ಇಳಿಸಿದ. ಆ ಕೈ ಈಗ ಹದಿನಾಲ್ಕು ಅಂಗುಲದ್ದಲ್ಲ.

ಫೆಬ್ರವರಿ 20, ಗುರುವಾರ

ಓದಲಿಲ್ಲ. ಬರೆಯಲಿಲ್ಲ. ರಂಗೋಲಿಯ ಮನೆಯನ್ನು ಗುಡಿಸಿ ಹಾಕಿದೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಬೆಳಗಿನಿಂದ ಬಿಲ್ವಪತ್ರೆಗೆ ನೂಕುನುಗ್ಗಲು. ಮಂಚಮ್ಮ ಒಬ್ಬಳಿಗೆ ಸಾಲದೆ ನಾನೂ ಒಳಗಿನಿಂದ ದಳ ಎಣಿಸಿ ಕೊಟ್ಟೆ. ಮೂರು ದಳ ಕೂಡಿರಬೇಕು, ಕೀಟ ತಿಂದದ್ದು ಬೇಡ. ಜನ ನನ್ನನ್ನೂ ಹೂವಿನವಳೆಂದೇ ತಿಳಿದರು. ಒಬ್ಬಾತ, "ಬೇಗ ಕೊಡಮ್ಮ, ಎಷ್ಟೊತ್ತು" ಎಂದು ರೇಗಿದ. ಮಂಚಮ್ಮ ಅವನಿಗೆ, "ಟೀಚರು ಕಣಪ್ಪ ಅವ್ರು, ಮೊಟಕ್ಬುಟ್ಟಾರು, ಸುಮ್ಕಿರು" ಎಂದಳು. ಸುಧೀಂದ್ರನ ವಿಷಯವನ್ನು ಅವಳಿಗೆ ಯಾವಾಗ ಹೇಳಿದೆನೋ ತಿಳಿಯದು.

ಹೊಸ್ತಿಲು ಇಬ್ಬರಿಗೆ ಇಕ್ಕಟ್ಟು. ಇದು ನಕ್ಷೆಯ ದೋಷ.

ಮಾರ್ಚ್ 3, ಸೋಮವಾರ

ಹೆಂಚು ಹೊದಿಸಿ ಆಯಿತು. ಗಾಜಿನ ಹೆಂಚು ಈಗ ಎರಡು. ಇನ್ನು ಮುಂಗೋಡೆ. ಶಿವಣ್ಣನಿಗೆ ಹೊಸ ನಕ್ಷೆ ಕೊಟ್ಟೆ. ಅವನು ತಲೆಕೆಳಗು ಮಾಡಲಿಲ್ಲ, ನೇರವಾಗಿಯೇ ನೋಡಿ ಗೊಂದಲಕ್ಕೆ ಬಿದ್ದ.

"ಮುಂದ್ಲ ಗ್ವಾಡೆಯ ಒಳೀಕೆ ತಳ್ಳಬೇಕಾ?"

"ಎರಡೂವರೆ ಅಡಿ ಒಳಕ್ಕೆ. ಈಗ ಗೋಡೆ ಇರುವ ಕಡೆಯಿಂದ ಅಲ್ಲಿಗೆ ಜಗಲಿ. ಹೊಸ್ತಿಲಿನ ಈಚೆಗೆ, ಸಮಿತಿಯೂ ನನ್ನದೆಂದು ಒಪ್ಪಿರುವ ಜಾಗದಲ್ಲಿ."

"ಅವ್ರು ಎಲ್ಡೂವರೆ ಅಡಿ ಕಿತ್ಕಂಡ್ರು ಅಂತ ಬೆಂಕಿ ಕಾರ್ತಿದ್ರಿ. ಈಗ ನೀವೇ ಇನ್ನೆಲ್ಡೂವರೆ ಅಡಿ ಬುಡ್ತಾ ಇದೀರಿ. ಇದ್ಯಾವ್ ಸೀಮೆ ಲೆಕ್ಕ ಟೀಚರಮ್ಮ?"

"ಒಳಗೆ ಗಾಳಿ ಸಾಲದು" ಎಂದೆ. ನಿಜವೇ. ಬೇಸಿಗೆ ಬರುತ್ತಿದೆ.

"ಮತ್ತೆ ಪುಸ್ತಕ್ವಾ?"

ಪುಸ್ತಕಕ್ಕೆ ಅಟ್ಟ. ನಾಗಮಂಗಲದ್ದರಂತೆ, ಬಗ್ಗಿ ಕೂರುವಷ್ಟು. ಅಷ್ಟಕ್ಕೂ ಅರ್ಧ ಪುಸ್ತಕಗಳು ನಾನು ಎರಡನೆಯ ಸಲ ತೆರೆಯದವು.

ಜಗಲಿಯ ಎತ್ತರ ಎಷ್ಟೆಂದು ಕೇಳಿದ. ಮಂಚಮ್ಮನನ್ನು ಕರೆದು ಇಟ್ಟಿಗೆಯ ಮೇಲೆ ಕೂರಿಸಿದೆವು. ಒಂದೊಂದೇ ಇಟ್ಟಿಗೆ ಏರಿಸಿ, ತೆಗೆದು, ಮತ್ತೆ ಏರಿಸಿ, ಅವಳ ಅಂಗಾಲು ನೆಲಕ್ಕೆ ಮೆತ್ತಗೆ ಮುಟ್ಟುವ ಎತ್ತರಕ್ಕೆ ನಿಲ್ಲಿಸಿದೆವು. ಶಿವಣ್ಣ ಟೇಪು ತೆಗೆದ. ಬೇಡ ಎಂದೆ. ಮುರಿದ ರೀಪರಿನ ತುಂಡೊಂದನ್ನು ಅವಳ ಕಾಲ ಪಕ್ಕದಲ್ಲಿ ನಿಲ್ಲಿಸಿ, ಮಂಡಿಯ ಮಟ್ಟಕ್ಕೆ ಗುರುತು ಹಾಕಿ ಕುಯ್ದ.

"ಗಾಳಿ ಅಳ್ತೆ ಚೆನ್ನಾಗದೆ" ಎಂದ, ನನ್ನ ಮುಖ ನೋಡದೆ.

ಮಾರ್ಚ್ 8, ಶನಿವಾರ

ಗೋಡೆ ಒಳಗೆ ಬಂದಿದೆ. ಮನೆ ಈಗ ಇಪ್ಪತ್ತಡಿ, ಅಜ್ಜನ ಕಡ್ಡಿಯಲ್ಲಿ ಸರಿಯಾಗಿ ಹನ್ನೆರಡು ಮೊಳ. ಇಷ್ಟು ಚಿಕ್ಕ ಮನೆ ನಾನು ಬಾಡಿಗೆಗೂ ಹಿಡಿದಿರಲಿಲ್ಲ. ಆದರೆ ಮಧ್ಯಾಹ್ನ ಅಟ್ಟದಲ್ಲಿ ಬಗ್ಗಿ ಕುಳಿತಾಗ ಎರಡು ಬಿಸಿಲಿನ ತುಂಡುಗಳು ಕೆಳಗೆ ನೆಲದ ಮೇಲೆ ಒಂದನ್ನೊಂದು ಹಿಂಬಾಲಿಸಿ ಹೋಗುತ್ತಿದ್ದವು. ತೆರೆದ ಕಿಟಕಿಯಿಂದ ಮಲ್ಲಿಗೆಯೂ ಹಸಿ ಗಾರೆಯೂ ಬೆರೆತ ವಾಸನೆ, ಬೀದಿಯ ಮಾತು, ಯಾರದೋ ಚಪ್ಪಲಿ. ದೂರದ ಯಾವುದ್ಯಾವುದೋ ಊರಿನ ಮನೆಗಳೆಲ್ಲ ಬಂದು ಸೇರಿಕೊಂಡಂತೆ, ಇದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲಿಲ್ಲ. ಬಹಳ ಹೊತ್ತು ಕುಳಿತಿದ್ದೆ.

ಗಾರೆ ಒಣಗುವವರೆಗೆ ಜಗಲಿಯ ಮೇಲೆ ಕೂರಬಾರದು. ಮಂಚಮ್ಮನ ಬುಟ್ಟಿ ನನ್ನ ಮಂಚದ ಮೇಲಿದೆ. ಹಾಸಿಗೆಯೆಲ್ಲ ಬಾಳೆನಾರು.

ಮಾರ್ಚ್ 9, ಭಾನುವಾರ

ಸಂಜೆ ಐದಕ್ಕೆ ಸಮಿತಿಯ ಸಭೆ, ನನ್ನ ಮನೆಯ ಮುಂದಿನ ಕುಂಡಗಳ ಹತ್ತಿರವೇ. ಗಿಡ ನೆಡುತ್ತಾರಂತೆ. ಮಧ್ಯಾಹ್ನ ಸುಧೀಂದ್ರ ಗೋಡೆ ತಟ್ಟಿ, "ಅತ್ತೆ, ಜಗಲಿ ಹೇಗೂ ಆಯ್ತಲ್ಲ, ಇನ್ನು ಬಿಡ್ತೀರಲ್ವಾ?" ಎಂದ.

"ಐದಕ್ಕೆ ಬಾ" ಎಂದೆ.

ಓದಬೇಕಾದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ನಿಂತಾಗ ಮಾತು ತಪ್ಪಬಾರದು.

ಗಾಣದ ಬೀದಿ ಅಂದ ಸಮಿತಿಯ ಕಾರ್ಯದರ್ಶಿಯವರಿಗೂ ಹನ್ನೊಂದು ಮನೆಯವರಿಗೂ.

ನವೆಂಬರ್ ಹದಿನೆಂಟರಂದು ನೀವು ಒಡೆದದ್ದು ಬೀದಿಯ ಜಾಗವನ್ನಲ್ಲ. ಅದಕ್ಕೆ ಸಾಕ್ಷಿ ಈ ಕಡ್ಡಿ, ಇನ್ನೊಂದು ಸಾಕ್ಷಿ ಕಾರ್ಯದರ್ಶಿಯವರ ಹಿತ್ತಲಿನಲ್ಲಿ ಎಂಬತ್ತೆಂಟು ವರ್ಷದಿಂದ ಅಲುಗಾಡದೆ ಕುಳಿತಿರುವ ಬಾವಿ. ಬಂದು ಅಳೆಯಿರಿ. ನಿಮ್ಮ ನಿಮ್ಮ ಮನೆಯ ಸೂರಿನಲ್ಲೂ ಕೈಯಾಡಿಸಿ ನೋಡಿ.

ನಿಮ್ಮನ್ನು ಪ್ರಶ್ನೆ ಕೇಳುವ ಮೊದಲು ನನ್ನ ಉತ್ತರ. ಮೊಳವೆಂದರೆ ಎಲ್ಲರಿಗೂ ಹದಿನೆಂಟೇ ಅಂಗುಲ ಎಂದು ಈ ಬೀದಿಯ ಮಕ್ಕಳಿಗೆ ಹೇಳಿಕೊಟ್ಟವಳು ನಾನು, ಭಾಗೀರಥಮ್ಮ. ಒಂದು ಮಗು ತನ್ನ ಕೈಯನ್ನೇ ಊರಿ, ಹಾಗಿಲ್ಲವಲ್ಲ ಎಂದಾಗ ತಲೆಗೆ ಮೊಟಕಿದವಳೂ ನಾನು. ಆ ಮಗುವಿನ ಕೈ ಸರಿಯಾಗಿತ್ತು. ತಪ್ಪು ನನ್ನದು. ಇದನ್ನು ಬೀದಿಯಲ್ಲಿ ನಿಂತು ಹೇಳುತ್ತಿದ್ದೇನೆ.

ನನಗೆ ಕಲ್ಲುಬೆಂಚು ಬೇಡ. ಹದಿನಾರು ವರ್ಷ ಆ ಜಗಲಿಯ ಮೇಲೆ ಕುಳಿತಿದ್ದ ಮಂಚಮ್ಮ ಎರಡು ತಿಂಗಳು ಎಲ್ಲಿ ನಿಂತಿದ್ದಳು ಎಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅವಳು ನನ್ನ ಪಕ್ಕದಲ್ಲಿ ನಿಂತಿದ್ದಾಳೆ. ಗಿಡ ನೆಡುವ ಮುಂಚೆ ನಮ್ಮಿಬ್ಬರಿಗೂ, ಎಲ್ಲರಿಗೂ ಕೇಳಿಸುವಂತೆ, ಒಂದೇ ಪ್ರಶ್ನೆಗೆ ಉತ್ತರ ಹೇಳಿ.

ನೀವು ನನ್ನ ಮನೆಯನ್ನು ಅಳೆದಿರಲ್ಲ, ಆ ಮೊಳ ಯಾರ ಕೈಯದು?